ಮೂರೂವರೆ ಸಾವಿರದ ಗೆರೆಯಾಚೆ ನಿಂತವರ ಪರವಾಗಿ: ಮುಖ್ಯಮಂತ್ರಿಗಳಿಗೂ ಶಾಸಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ, ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಎಲ್ಲ ಸದಸ್ಯರಿಗೆ,

ನಮಸ್ಕಾರ.

ಬೆಂಗಳೂರಿನ ಲಗ್ಗೆರೆಯಲ್ಲಿ ನನ್ನದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ಪೀಣ್ಯದ ಕಾರ್ಖಾನೆಗಳಿಗೂ ಗಾರ್ಮೆಂಟ್ಸ್‌ಗಳಿಗೂ ದುಡಿಯಲು ಹೋಗುವ ಜನ ತುಂಬಿಕೊಂಡಿರುವ ಜಾಗ ಇದು. ಹದಿನಾಲ್ಕು ವರ್ಷದಿಂದ ಈ ಅಂಗಡಿಯಲ್ಲಿ ಕೂತು ನಾನು ಹೆಚ್ಚಾಗಿ ಮಾಡಿದ ಕೆಲಸವೆಂದರೆ ಬಾಡಿಗೆ ಅಗ್ರಿಮೆಂಟ್ ಟೈಪ್ ಮಾಡುವುದು. ರಾತ್ರಿ ಶಟರ್ ಎಳೆದು ನಾನು ಹೋಗಿ ಮಲಗುವುದೂ ಬಾಡಿಗೆ ಮನೆಯಲ್ಲೇ, ಆರು ಮನೆಗಳ ವಠಾರದಲ್ಲಿ ಮೂರನೆಯದು. ಕಾಗದದಲ್ಲಿ ಏನಿರುತ್ತದೆ, ಮನೆಯೊಳಗೆ ಏನಾಗುತ್ತದೆ ಎಂಬ ಎರಡನ್ನೂ ದಿನಾ ನೋಡುವವನಾದ್ದರಿಂದ, ಬಾಡಿಗೆ ಕಾಯ್ದೆಯ ರಕ್ಷಣೆ ನಮ್ಮಂಥ ಬಾಡಿಗೆದಾರರಿಗೂ ಸಿಗಲಿ ಎಂದು ಕೇಳುವ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಒಂದು ಬೀಗದ ವಿಷಯ ಹೇಳಬೇಕು.

ಕಳೆದ ವರ್ಷ ಫೆಬ್ರವರಿ ತಿಂಗಳು. ನಮ್ಮ ಹಿಂದಿನ ಬೀದಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಅಕ್ಕನ ಮನೆ. ಗಂಡ ಗಾರೆ ಕೆಲಸದವರು, ಕೆಲಸದ ಜಾಗದಲ್ಲಿ ಮೊದಲ ಮಹಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದರು. ಎರಡು ತಿಂಗಳ ಬಾಡಿಗೆ ನಿಂತಿತ್ತು. ಮನೆ ಮಾಲೀಕರು ಮೊದಲು ಬಂದು ಫ್ಯೂಸ್ ಕಿತ್ತುಕೊಂಡು ಹೋದರು. ನಾಲ್ಕು ರಾತ್ರಿ ಮೇಣದ ಬತ್ತಿಯಲ್ಲಿ ಕಳೆದರು. ಐದನೆಯ ದಿನ ಅಕ್ಕ ಅರ್ಧ ದಿನ ರಜೆ ಹಾಕಿ, ಬ್ಯಾಂಡೇಜ್ ಬದಲಿಸಲು ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಶಾಲೆ ಮುಗಿಸಿದ ಮಗಳನ್ನೂ ಜೊತೆಗೆ ಕರಕೊಂಡು ಸಂಜೆ ವಾಪಸ್ ಬಂದು ನೋಡಿದರೆ, ಅವಳು ಹಾಕಿದ್ದ ಬೀಗದ ಮೇಲೆ ಇನ್ನೊಂದು ಬೀಗ. ಒಳಗೆ ಗಂಡನ ಮಾತ್ರೆ, ಮಗಳ ಪುಸ್ತಕ, ಮರುದಿನ ಉಟ್ಟುಕೊಳ್ಳುವ ಬಟ್ಟೆ, ಬೆಳಗ್ಗೆ ನೆನೆಹಾಕಿ ಹೋಗಿದ್ದ ಹೆಸರುಕಾಳು.

ಪೊಲೀಸ್ ಠಾಣೆಗೆ ಹೋದೆವು. "ಇದು ಸಿವಿಲ್ ಮ್ಯಾಟರ್, ನೀವು ನೀವೇ ಕೂತು ಮಾತಾಡಿಕೊಳ್ಳಿ" ಎಂದರು. ಅಗ್ರಿಮೆಂಟ್ ಇದೆಯಾ ಎಂದು ಕೇಳಿದರು. ಇತ್ತು, ಬೀಗ ಹಾಕಿದ ಮನೆಯೊಳಗೆ. ಅದೂ ಹನ್ನೊಂದು ತಿಂಗಳು ಮುಗಿದು ವರ್ಷವಾಗಿತ್ತು, ಹೊಸದು ಮಾಡಿಸಿರಲಿಲ್ಲ. ಬಾಡಿಗೆ ಕಟ್ಟಿದ್ದಕ್ಕೆ ರಸೀದಿ ಇದೆಯಾ ಎಂದರು. ಯಾವ ತಿಂಗಳದ್ದೂ ಇರಲಿಲ್ಲ. ಬಾಡಿಗೆ ನಗದಾಗಿಯೇ ಕೊಡಬೇಕು, ಮಾಲೀಕರ ನೋಟ್‌ಬುಕ್ಕಿನಲ್ಲಿ ಅವರೇ ಬರೆದುಕೊಳ್ಳುತ್ತಾರೆ. ಆ ನೋಟ್‌ಬುಕ್ ಅವರ ಮನೆಯ ಬೀರುವಿನಲ್ಲಿರುತ್ತದೆ.

ಆ ರಾತ್ರಿ ಗಂಡನಿಗೆ ನನ್ನ ಅಂಗಡಿಯಲ್ಲಿ, ಜೆರಾಕ್ಸ್ ಮಶೀನಿನ ಪಕ್ಕ ಹಾಸಿಗೆ ಹಾಸಿದೆವು. ಅಕ್ಕ ಮತ್ತು ಮಗಳು ನಮ್ಮ ಮನೆಯಲ್ಲಿ ಮಲಗಿದರು. ಅವರ ಅಗ್ರಿಮೆಂಟ್ ನಾನೇ ಟೈಪ್ ಮಾಡಿದ್ದು, ಕಂಪ್ಯೂಟರಿನಲ್ಲಿ ಅದರ ಪ್ರತಿ ಇತ್ತು. ತೆಗೆದು ಪ್ರಿಂಟ್ ಹಾಕಿ, ಇವರ ಕೈ ಹಿಡಿಯುವ ಒಂದು ಸಾಲಾದರೂ ಸಿಗುತ್ತದೇನೋ ಎಂದು ಹುಡುಕಿದೆ. ಸಾವಿರಾರು ಸಲ ಹೆಸರು, ವಿಳಾಸ, ಮೊತ್ತ ಮಾತ್ರ ಬದಲಿಸಿ ಕೊಟ್ಟಿದ್ದ ಆ ಮೂರು ಪುಟವನ್ನು ನಾನು ಪೂರ್ತಿ ಓದಿದ್ದು ಅವತ್ತೇ. ಬಾಡಿಗೆದಾರ ಇಂಥ ತಾರೀಖಿಗೆ ಬಾಡಿಗೆ ಕೊಡತಕ್ಕದ್ದು. ಗೋಡೆಗೆ ಮೊಳೆ ಹೊಡೆಯಕೂಡದು. ಒಳಬಾಡಿಗೆ ಕೊಡಕೂಡದು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆ ಹಿಡಿದುಕೊಳ್ಳಲಾಗುವುದು. ಮಾಲೀಕರು ಏನು ಮಾಡತಕ್ಕದ್ದು, ಏನು ಮಾಡಕೂಡದು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಇಡೀ ಕಾಗದ ಇಂಗ್ಲಿಷಿನಲ್ಲಿತ್ತು. ಕೊನೆಯಲ್ಲಿ ಅಕ್ಕನ ಸಹಿ ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಬರೆದದ್ದು.

ಮೂರನೆಯ ದಿನ ಅಕ್ಕ ಕಿವಿಯ ಓಲೆ ಗಿರವಿ ಇಟ್ಟು ಎರಡೂ ತಿಂಗಳ ಬಾಡಿಗೆ ಕಟ್ಟಿದ ಮೇಲೆ ಬೀಗ ತೆಗೆದರು. ಹೆಸರುಕಾಳು ಮೊಳಕೆ ಬಂದು, ಹುಳಿ ಹಿಡಿದು, ಬಾಗಿಲು ತೆರೆದ ಕೂಡಲೇ ವಾಸನೆ ಹೊಡೆಯಿತು. ತಿಂಗಳ ಕೊನೆಗೆ ಖಾಲಿ ಮಾಡಿ ಎಂದರು. ಮಾಡಿದರು. ಐವತ್ತು ಸಾವಿರ ಅಡ್ವಾನ್ಸಿನಲ್ಲಿ ಪೇಂಟಿಂಗ್‌ಗೆ 6,500, ಪೈಪ್ ರಿಪೇರಿಗೆ 3,000, ಕರೆಂಟು ನೀರು ಅಂತ 2,500 ಮುರಿದುಕೊಂಡು, ಉಳಿದ 38 ಸಾವಿರದಲ್ಲಿ ಇಪ್ಪತ್ತು ಕೊಟ್ಟರು. ಬಾಕಿ ಹದಿನೆಂಟು ಸಾವಿರ "ಹೊಸಬರು ಅಡ್ವಾನ್ಸ್ ಕೊಟ್ಟ ಮೇಲೆ" ಎಂದರು. ಹೊಸಬರು ಬಂದು ಎಷ್ಟೋ ದಿನವಾಯಿತು.

ಇದಾದ ಮೇಲೆ ನಾನು ಕಾನೂನು ಏನು ಹೇಳುತ್ತದೆ ಎಂದು ತಿಳಿದವರನ್ನು ಕೇಳುತ್ತಾ, ಓದುತ್ತಾ ಹೋದೆ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ. ಇದನ್ನೆಲ್ಲ ಮಾಡಿದವರೇ ನಿಮ್ಮ ಸದನ, ನಿಮಗೆ ಗೊತ್ತಿಲ್ಲದ್ದಲ್ಲ. ಆದರೆ ಅದು ನಮ್ಮ ಬೀದಿಗೆ ಹೇಗೆ ತಲುಪಿದೆ ಎಂಬುದು ನಿಮಗೆ ತಿಳಿಯಬೇಕು.

ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. 1961ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದದ್ದು, ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಓದಿದರೆ ಒಳ್ಳೆಯ ಕಾಯ್ದೆ. ಕಟ್ಟಿದ ಬಾಡಿಗೆಗೆ ರಸೀದಿ ಕೊಡಬೇಕು ಎನ್ನುತ್ತದೆ. ನೀರು, ವಿದ್ಯುತ್ತಿನಂಥ ಅಗತ್ಯ ಸೌಲಭ್ಯವನ್ನು ಮಾಲೀಕರು ಕಡಿಯುವ ಹಾಗಿಲ್ಲ ಎನ್ನುತ್ತದೆ. ಬಾಡಿಗೆದಾರರನ್ನು ಬಿಡಿಸಬೇಕಾದರೆ ಯಾವ ಯಾವ ಕಾರಣಕ್ಕೆ ಎಂಬುದನ್ನು 27ನೇ ಕಲಂ ಒಂದೊಂದಾಗಿ ಹೇಳುತ್ತದೆ, ಅದನ್ನು ಕೋರ್ಟಿನ ಮುಂದೆ ತೋರಿಸಿಕೊಡಬೇಕು ಎನ್ನುತ್ತದೆ. ಅಕ್ಕನಿಗೆ ಬೇಕಿದ್ದ ಮೂರೂ ಅದರಲ್ಲಿವೆ.

ಆದರೆ ಅದೇ ಕಾಯ್ದೆಯ ಎರಡನೇ ಕಲಮಿನಲ್ಲಿ ಒಂದು ಗೆರೆ ಎಳೆದಿದ್ದಾರೆ. ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ಕಾಯ್ದೆಯ ಲೆಕ್ಕದ ಬಾಡಿಗೆ ತಿಂಗಳಿಗೆ 3,500 ರೂಪಾಯಿ ದಾಟಿದರೆ, ಉಳಿದ ಕಡೆ 2,000 ದಾಟಿದರೆ, ಆ ಮನೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆ ಕಾಲಕ್ಕೆ ಮೂರೂವರೆ ಸಾವಿರ ಬಾಡಿಗೆ ಎಂದರೆ ಒಳ್ಳೆಯ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಅದಕ್ಕಿಂತ ಹೆಚ್ಚು ಕೊಡಬಲ್ಲವರು ತಮ್ಮನ್ನು ತಾವು ನೋಡಿಕೊಳ್ಳಲಿ, ಬಡವರಿಗೆ ಕಾಯ್ದೆಯ ನೆರಳಿರಲಿ ಎಂಬುದು ಅದರ ಆಶಯವಾಗಿದ್ದಿರಬೇಕು. ಇವತ್ತು ನಾನು ಟೈಪ್ ಮಾಡುವ ಅಗ್ರಿಮೆಂಟುಗಳಲ್ಲಿ ಮೂರೂವರೆ ಸಾವಿರ ಎಂಬ ಅಂಕಿ ಕಂಡು ವರ್ಷಗಳಾದವು. ಶೀಟ್ ಹೊದಿಸಿದ ಒಂದೇ ಕೋಣೆ, ಹೊರಗೆ ಕಾಮನ್ ಬಾತ್‌ರೂಮ್, ಅದಕ್ಕೇ ಐದು ಸಾವಿರ. ಅಕ್ಕ ಕೊಡುತ್ತಿದ್ದದ್ದು ಆರೂವರೆ ಸಾವಿರ. ಬೆಲೆ ಏರಿತು, ಸಂಬಳ ಚೂರುಪಾರು ಏರಿತು, ಬಾಡಿಗೆ ಏರಿತು, ಗೆರೆ ಮಾತ್ರ ಎಳೆದಲ್ಲೇ ಇದೆ. ಬಡವರಿಗಾಗಿ ಎಳೆದ ಗೆರೆಯ ಒಳಗೆ ಈಗ ನಮ್ಮ ಬೀದಿಯ ಒಬ್ಬ ಬಡವನೂ ಇಲ್ಲ. ಕಾಯ್ದೆ ಪುಸ್ತಕದ ಬದನೆಕಾಯಿಯಾಗಿ ಉಳಿದಿದೆ.

ಗೆರೆಯಾಚೆ ಇರುವವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬರವಣಿಗೆಯಲ್ಲಿ ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಿಸಲು ಅದರ 106ನೇ ಕಲಮಿನ ಪ್ರಕಾರ ಹದಿನೈದು ದಿನದ ನೋಟಿಸ್ ಸಾಕು, ಕಾರಣ ಬೇಕಿಲ್ಲ. ಆದರೂ ಒಂದು ಮಾತು ಗಟ್ಟಿ: ಯಾವ ಕಾಯ್ದೆಯಡಿ ಬಂದರೂ, ಎಷ್ಟು ತಿಂಗಳ ಬಾಕಿ ಇದ್ದರೂ, ಕೋರ್ಟಿನ ಆದೇಶವಿಲ್ಲದೆ ಬೀಗ ಜಡಿದು, ಸಾಮಾನು ಹೊರಗೆ ಹಾಕಿ ಯಾರನ್ನೂ ಓಡಿಸುವ ಹಾಗಿಲ್ಲ. ಹಾಗೆ ಓಡಿಸಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ವಾಪಸ್ ಪಡೆಯಬಹುದು. ಮನೆ ಯಾರದ್ದು ಎಂಬ ಪ್ರಶ್ನೆಯನ್ನೇ ಅಲ್ಲಿ ಎತ್ತುವುದಿಲ್ಲ. ಅಂದರೆ ಅಕ್ಕನಿಗೆ ಹಕ್ಕಿತ್ತು. ಮೂರು ದಿನ ನಾವು ಅಲೆದಾಡಿದ ಯಾವ ಬಾಗಿಲಲ್ಲೂ ಯಾರೂ ಅದನ್ನು ಹೇಳಲಿಲ್ಲ. ಹೇಳಿದ್ದರೂ, ವಕೀಲರನ್ನು ಹಿಡಿದು, ದಾವೆ ಹೂಡಿ, ಆದೇಶ ಬರುವವರೆಗೆ ಕಾಲು ಮುರಿದ ಗಂಡನನ್ನು ಕಟ್ಟಿಕೊಂಡು ಎಲ್ಲಿರಬೇಕಿತ್ತು? ಬೀಗ ಬಿದ್ದದ್ದು ಒಂದು ಗಂಟೆಯಲ್ಲಿ. ಅದನ್ನು ತೆಗೆಸುವ ದಾರಿಗೆ ತಿಂಗಳುಗಳು ಬೇಕು. ನನ್ನ ಇಡೀ ಪತ್ರ ಇರುವುದು ಈ ಒಂದು ಗಂಟೆಗೂ ಆ ತಿಂಗಳುಗಳಿಗೂ ನಡುವಿನ ಅಂತರದ ಬಗ್ಗೆಯೇ.

ಮನೆಗಳ ಬಗ್ಗೆ ಎರಡು ಮಾತು. ನಮ್ಮ ಕಡೆ "ಟೆನ್ ಬೈ ಟೆನ್" ಎಂದರೆ ಒಂದು ಸಂಸಾರದ ಮನೆ. ಹತ್ತಕ್ಕೆ ಹತ್ತು, ನೂರು ಚದರಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಯೊಂದಕ್ಕೆ ಹೇಳುವ ಕನಿಷ್ಠ ಅಳತೆ 9.5 ಚದರ ಮೀಟರ್, ಅಂದರೆ ಸುಮಾರು 102 ಚದರಡಿ. ಒಂದು ಕೋಣೆಗೆ ಕನಿಷ್ಠ ಎಂದು ಹೇಳಿದ ಅಳತೆಗಿಂತ ಕಡಿಮೆ ಜಾಗದಲ್ಲಿ ಅಡುಗೆ, ಊಟ, ನಿದ್ದೆ, ಮಕ್ಕಳ ಓದು ಎಲ್ಲ ನಡೆಯುತ್ತದೆ. ಕಿಟಕಿ ಇರುತ್ತದೆ, ತೆರೆದರೆ ಕೈಗೆ ಸಿಗುವುದು ಪಕ್ಕದ ಕಟ್ಟಡದ ಗೋಡೆ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಮಧ್ಯಾಹ್ನ ಕೂರಲಾಗದೆ ಹೆಂಗಸರು ಬಾಗಿಲ ಹೊರಗೆ ಒದ್ದೆ ಗೋಣಿಚೀಲ ಹಾಸಿಕೊಂಡು ಅವರೆಕಾಳೋ ಬೆಳ್ಳುಳ್ಳಿಯೋ ಬಿಡಿಸುತ್ತಾ ಕೂರುತ್ತಾರೆ. ಆರು ಮನೆಗೆ ಒಂದು ಕಕ್ಕಸು. ಬೆಳಗ್ಗೆ ಐದೂವರೆಗೆ ಅದರ ಮುಂದೆ ಬಕೆಟ್ಟುಗಳ ಸಾಲು. ಎಂಟಕ್ಕೆ ಗಾರ್ಮೆಂಟ್ಸ್ ಬಸ್ ಹಿಡಿಯಬೇಕಾದವರು ಮೊದಲು ಎಂದು ನಮ್ಮ ವಠಾರದಲ್ಲಿ ನಾವೇ ಒಂದು ನಿಯಮ ಮಾಡಿಕೊಂಡಿದ್ದೇವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಒಂದು ಮನೆಗೆ ದಿನಕ್ಕೆ ನಾಲ್ಕು ಬಿಂದಿಗೆ ಎಂದು ಹಂಚಿಕೊಂಡೆವು. ಆ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರಿನ ಯೋಜನೆ ನಗರಕ್ಕೆ ಬಂತು, ಸಂತೋಷ. ಆದರೆ ಪೈಪು ನಗರಕ್ಕೆ ಬಂದ ಮಾತ್ರಕ್ಕೆ ವಠಾರದ ನಲ್ಲಿಗೆ ಬಂದಂತಲ್ಲ. ನೀರು ಬೀಳುವುದು ಸಂಪಿಗೆ, ಸಂಪಿನ ಮೋಟರಿನ ಸ್ವಿಚ್ಚು ಇರುವುದು ಮಾಲೀಕರ ಮನೆಯಲ್ಲಿ.

ಸ್ವಿಚ್ಚು ಮಾಲೀಕರ ಮನೆಯಲ್ಲಿರುವುದೇ ಗೃಹಜ್ಯೋತಿಯ ಕಥೆಯೂ ಆಗಿದೆ. 2023ರ ಜುಲೈ ತಿಂಗಳ ಬಳಕೆಯಿಂದ ನಿಮ್ಮ ಸರ್ಕಾರ 200 ಯೂನಿಟ್‌ವರೆಗೆ ಉಚಿತ ಎಂದಿತು, ಬಾಡಿಗೆದಾರರಿಗೂ ಇದೆ ಎಂದು ಸ್ಪಷ್ಟವಾಗಿ ಹೇಳಿತು. ಪ್ರತ್ಯೇಕ ಮೀಟರ್ ಇರುವ ಮನೆಗಳ ಬಾಡಿಗೆದಾರರಿಗೆ ಇದರಿಂದ ನಿಜವಾಗಿ ಉಪಕಾರವಾಗಿದೆ. ನನ್ನ ಅಂಗಡಿಯಲ್ಲೇ ಎಷ್ಟೋ ಜನಕ್ಕೆ ಆರ್.ಆರ್. ನಂಬರ್, ಅಂದರೆ ಕರೆಂಟು ಬಿಲ್ಲಿನ ಸಂಪರ್ಕ ಸಂಖ್ಯೆ, ಹಾಕಿ ಅರ್ಜಿ ತುಂಬಿಸಿಕೊಟ್ಟಿದ್ದೇನೆ. ಆದರೆ ವಠಾರಗಳಲ್ಲಿ ಆರು ಮನೆಗೆ ಒಂದೇ ಆರ್.ಆರ್. ನಂಬರ್. ಒಳಗೆ ಮಾಲೀಕರೇ ಕೂರಿಸಿದ ಸಬ್ ಮೀಟರುಗಳು. ಒಂದೊಂದು ಮನೆಯೂ ಮೂವತ್ತೈದು ನಲವತ್ತು ಯೂನಿಟ್ ಸುಟ್ಟರೂ ಆರೂ ಕೂಡಿ ಇನ್ನೂರು ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್. ಒಂದು ಟ್ಯೂಬ್‌ಲೈಟು, ಒಂದು ಫ್ಯಾನು, ಒಂದು ಸಣ್ಣ ಟಿವಿ ಇಟ್ಟುಕೊಂಡವರು, ಯಾರಿಗಾಗಿ ಯೋಜನೆ ಮಾಡಿದಿರೋ ಅವರೇ, ಯೂನಿಟ್ಟಿಗೆ ಮಾಲೀಕರು ಹೇಳಿದಷ್ಟು ಕೊಡುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗಿಂತ ಮೀಟರ್ ಬೋರ್ಡಿನ ತಪ್ಪೇ ಹೆಚ್ಚು. ವಠಾರದ ಪ್ರತಿ ಸಂಸಾರವನ್ನೂ ಒಂದು ಮನೆ ಎಂದು ಎಣಿಸುವ ದಾರಿಯನ್ನು ಇಂಧನ ಇಲಾಖೆ ಹುಡುಕಲೇಬೇಕು.

ಇನ್ನು ಭೋಗ್ಯ. ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು, ಬೆಂಗಳೂರಿನಲ್ಲಿ ದುಡಿಯುವವರ ದೊಡ್ಡ ಕನಸೇ ಭೋಗ್ಯದ ಮನೆ. ಮೂರೋ ನಾಲ್ಕೋ ಲಕ್ಷ ಒಟ್ಟಿಗೆ ಕೊಟ್ಟುಬಿಟ್ಟರೆ ಎರಡು ಮೂರು ವರ್ಷ ಬಾಡಿಗೆ ಕಾಟವಿಲ್ಲ, ಹೋಗುವಾಗ ಅಸಲು ವಾಪಸ್. ಊರಲ್ಲಿ ಅರ್ಧ ಎಕರೆ ಮಾರಿ, ಸಂಘದಲ್ಲಿ ಸಾಲ ಎತ್ತಿ, ಪಿ.ಎಫ್. ಬಿಡಿಸಿ ಆ ಹಣ ಕೂಡಿಸುತ್ತಾರೆ. ನನ್ನ ಮೇಜಿನ ಮುಂದೆ ಕೂತು, ಬಟ್ಟೆಯ ಚೀಲದಿಂದ ನೋಟಿನ ಕಟ್ಟು ತೆಗೆದು ಎಣಿಸಿಕೊಟ್ಟು, ಇನ್ನೂರು ರೂಪಾಯಿ ಸ್ಟಾಂಪ್ ಪೇಪರಿನ ಮೇಲೆ ಸಹಿ ಮಾಡಿ ಎದ್ದು ಹೋದವರನ್ನು ನೋಡಿದ್ದೇನೆ.

ಸ್ವಾಧೀನ ಬಿಟ್ಟುಕೊಟ್ಟು ಹಣ ಪಡೆಯುವುದು ಕಾನೂನಿನ ಭಾಷೆಯಲ್ಲಿ ಭೋಗ್ಯ ಅಡಮಾನ. ಅದು ನೂರು ರೂಪಾಯಿಯಷ್ಟಾದರೂ ಸರಿ, ಇಬ್ಬರು ಸಾಕ್ಷಿಗಳ ರುಜುವಿನೊಂದಿಗೆ ನೋಂದಣಿ ಆಗಬೇಕೆಂದು ಅದೇ 1882ರ ಕಾಯ್ದೆಯ 59ನೇ ಕಲಂ ಹೇಳುತ್ತದೆ. ನಮ್ಮ ಜನ ನಾಲ್ಕು ಲಕ್ಷವನ್ನು ನೋಂದಣಿ ಇಲ್ಲದೆ ಕೊಡುತ್ತಾರೆ, ಏಕೆಂದರೆ ನೋಂದಣಿಯ ಖರ್ಚು ಯಾರಿಗೂ ಬೇಡ, ಮಾಲೀಕರಿಗೆ ಲೆಕ್ಕ ತೋರಿಸುವುದೂ ಬೇಡ. ಆ ಮನೆಯ ಪತ್ರಗಳು ಆಗಲೇ ಬ್ಯಾಂಕಿನಲ್ಲಿರುತ್ತವೆ. ಮಾಲೀಕರು ಕಂತು ಕಟ್ಟದೆ ಬಿಟ್ಟಾಗ ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆಯಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ನೋಟಿಸಿನಲ್ಲಿರುವುದು ಮಾಲೀಕರ ಹೆಸರು, ಒಳಗಿರುವುದು ನಾಲ್ಕು ಲಕ್ಷ ಕೊಟ್ಟ ಸಂಸಾರ. 2016ರ ತಿದ್ದುಪಡಿಯ ನಂತರ ಬಾಡಿಗೆದಾರರೂ ಸಾಲ ವಸೂಲಾತಿ ನ್ಯಾಯಮಂಡಳಿಯ ಮುಂದೆ ಹೋಗಬಹುದು. ಹೋಗಿ ಏನು ತೋರಿಸಬೇಕು? ನೋಂದಣಿಯಾಗದ ಸ್ಟಾಂಪ್ ಪೇಪರನ್ನು.

ಓದುವ ಬಾಡಿಗೆದಾರರಿಗೂ ಇಲ್ಲೇ ಹೇಳಿಬಿಡುತ್ತೇನೆ: ಭೋಗ್ಯಕ್ಕೆ ಹಣ ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ, ನಾವು ಇ.ಸಿ. ಎನ್ನುವುದು, ತೆಗೆಸಿ. ಮೂಲ ಪತ್ರಗಳನ್ನು ಕಣ್ಣಾರೆ ತೋರಿಸಿ ಎಂದು ಕೇಳಿ. ಪತ್ರ ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಎಷ್ಟೋ ಸಲ ಇ.ಸಿ.ಯಲ್ಲಿ ಕಾಣುವುದಿಲ್ಲ, ಹಾಗಾಗಿ ಜೆರಾಕ್ಸ್ ಪ್ರತಿ ನಂಬಬೇಡಿ. ಜೆರಾಕ್ಸ್ ಮಾಡುವವನೇ ಹೇಳುತ್ತಿದ್ದೇನೆ. ಹಣ ನಗದಾಗಿ ಕೊಡಬೇಡಿ, ಬ್ಯಾಂಕಿನ ಮೂಲಕ ಕೊಡಿ. ಸರ್ಕಾರಕ್ಕೆ ನನ್ನ ಕೇಳಿಕೆ ಇನ್ನೂ ಸುಲಭದ್ದು. ಸಣ್ಣ ಮನೆಗಳ ಭೋಗ್ಯದ ನೋಂದಣಿಗೆ ಮುದ್ರಾಂಕ ಮತ್ತು ನೋಂದಣಿ ಎರಡೂ ಸೇರಿ ಒಂದು ಸಣ್ಣ, ನಿಗದಿತ ಶುಲ್ಕ ಇಡಿ. ಆಗ ಜನ ತಾವಾಗಿಯೇ ಉಪನೋಂದಣಾಧಿಕಾರಿಯ ಕಚೇರಿಗೆ ಬರುತ್ತಾರೆ.

ಒಂದು ವಿಷಯವನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ಬಿಡುವಂತಿಲ್ಲ. ಒಮ್ಮೆ ಒಬ್ಬ ಹುಡುಗ, ಕಾರ್ಖಾನೆಯಲ್ಲಿ ಹೊಸದಾಗಿ ಕೆಲಸ ಸಿಕ್ಕಿದವನು, ಅಮ್ಮನನ್ನು ಊರಿಂದ ಕರೆಸಿಕೊಳ್ಳಬೇಕೆಂದು ಮನೆ ಹುಡುಕಿದ್ದ. ಮಾಲೀಕರೂ ಅವನೂ ನಗುನಗುತ್ತಲೇ ಅಂಗಡಿಗೆ ಬಂದರು. ಟೀ ತರಿಸಿದರು. ಹೆಸರು ಟೈಪ್ ಮಾಡಲು ಆಧಾರ್ ಕೇಳಿದೆ. ಕಾರ್ಡು ನನ್ನ ಕೈಗೆ ಬರುವ ಮೊದಲು ಮಾಲೀಕರ ಕೈಗೆ ಹೋಯಿತು. ಪೂರ್ತಿ ಹೆಸರು ಓದಿದರು. "ಒಂದ್ನಿಮಿಷ ಮನೇಲಿ ಕೇಳಿ ಬರ್ತೀನಿ" ಎಂದು ಎದ್ದು ಹೋದವರು ವಾಪಸ್ ಬರಲಿಲ್ಲ. ಆ ಹುಡುಗ ಅರ್ಧ ಗಂಟೆ ಕಾದು, ಎರಡೂ ಟೀಯ ದುಡ್ಡು ತಾನೇ ಕೊಟ್ಟು ಹೋದ. "ನಿಮ್ಮದು ಯಾವ ಜನ?", "ಮನೇಲಿ ಏನು ಮಾಡ್ತೀರ, ವೆಜ್ಜಾ?" ಎಂಬ ಪ್ರಶ್ನೆಗಳನ್ನು ದಲಿತರೂ ಮುಸ್ಲಿಮರೂ ಪ್ರತಿ ಟು-ಲೆಟ್ ಬೋರ್ಡಿನ ಕೆಳಗೆ ಎದುರಿಸುತ್ತಾರೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದೆ, ಆದರೆ ನಮ್ಮ ಬಾಡಿಗೆ ಕಾಯ್ದೆಯಲ್ಲಿ ಜಾತಿ ಕೇಳಿ ಮನೆ ನಿರಾಕರಿಸುವುದರ ಬಗ್ಗೆ ಒಂದು ಸಾಲೂ ಇಲ್ಲ. ಬಸವಣ್ಣನವರ ಹೆಸರು ಹೇಳಿ ಮಾತು ಶುರು ಮಾಡುವ ಸದನದಲ್ಲಿ ಆ ಸಾಲು ಬರೆಯಲು ಇಷ್ಟು ವರ್ಷ ಬೇಕಾಗಿರಲಿಲ್ಲ.

ಮಾಲೀಕರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ನನ್ನ ಅಂಗಡಿಗೆ ಬರುವ ಮಾಲೀಕರಲ್ಲಿ ನಿವೃತ್ತಿಯ ಹಣದಲ್ಲಿ ಒಂದು ಮಹಡಿ ಎತ್ತಿ ಆ ಬಾಡಿಗೆಯಲ್ಲೇ ಔಷಧಿ ಕೊಳ್ಳುವವರಿದ್ದಾರೆ, ಗಂಡನಿಲ್ಲದ ಹೆಂಗಸರಿದ್ದಾರೆ. ಬಾಡಿಗೆದಾರ ಕೂತುಬಿಟ್ಟರೆ ಕೋರ್ಟು ಅಲೆಯುತ್ತಾ ಆಯಸ್ಸು ಮುಗಿಯುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಹಳೆಯ ಕಾಯ್ದೆಯ ಕಾಲದ ಕೇಸುಗಳ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಆ ಭಯಕ್ಕೇ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ, ಆ ಭಯಕ್ಕೇ ಹನ್ನೊಂದು ತಿಂಗಳಿಗಿಂತ ಹೆಚ್ಚಿಗೆ ಬರೆಯುವುದಿಲ್ಲ. ನ್ಯಾಯ ಬೇಗ ಸಿಗುವ ಜಾಗ ಒಂದಿದ್ದರೆ ಅವರಿಗೂ ಬೀಗ ಹಿಡಿದು ಓಡಾಡುವ ಅಗತ್ಯ ಬೀಳುವುದಿಲ್ಲ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿ ರಾಜ್ಯಗಳಿಗೆ ಕಳುಹಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಇಲ್ಲ, ಬರವಣಿಗೆಯ ಕರಾರು ಕಡ್ಡಾಯ, ಮನೆಯೊಳಗೆ ಬರಬೇಕಾದರೆ ಮಾಲೀಕರು 24 ಗಂಟೆ ಮೊದಲು ತಿಳಿಸಬೇಕು, ನೀರು ಕರೆಂಟು ಕಡಿಯುವ ಹಾಗಿಲ್ಲ, ದೂರು ಕೇಳಲು ಪ್ರತ್ಯೇಕ ಬಾಡಿಗೆ ಪ್ರಾಧಿಕಾರ ಮತ್ತು ಬಾಡಿಗೆ ನ್ಯಾಯಾಲಯ. ಇವೆಲ್ಲ ಅದರಲ್ಲಿವೆ. ಪಕ್ಕದ ತಮಿಳುನಾಡು ತನ್ನದೇ ಹೊಸ ಕಾಯ್ದೆಯನ್ನು 2019ರಿಂದ ಜಾರಿಯಲ್ಲಿಟ್ಟಿದೆ. ಹತ್ತು ತಿಂಗಳ ಅಡ್ವಾನ್ಸಿಗೆ ಹೆಸರಾದ ಊರು ನಮ್ಮದು, ಎರಡು ತಿಂಗಳ ಮಿತಿ ಮೊದಲು ಬರಬೇಕಾದದ್ದು ನಮ್ಮಲ್ಲಿ.

ಹಾಗೆಂದು ಅದನ್ನು ಇದ್ದ ಹಾಗೇ ನಕಲು ಮಾಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ಅವಧಿ ಮುಗಿದ ಮೇಲೂ ಇದ್ದರೆ ಮೊದಲೆರಡು ತಿಂಗಳು ದುಪ್ಪಟ್ಟು ಬಾಡಿಗೆ, ಆಮೇಲೆ ನಾಲ್ಕು ಪಟ್ಟು ಎಂಬ ಮಾತು ಆ ಮಾದರಿಯಲ್ಲಿದೆ. ದೊಡ್ಡ ಫ್ಲ್ಯಾಟಿನವರಿಗೆ ಅದು ಎಚ್ಚರಿಕೆ. ಕಾಲು ಮುರಿದು ಮಲಗಿದವರ ಮನೆಗೆ ಅದು ಬೀಗಕ್ಕಿಂತ ಭಾರ. ಬಾಡಿಗೆ ಎಷ್ಟು ಏರಿಸಬಹುದು ಎಂಬುದನ್ನೂ ಅದು ಇಬ್ಬರ ಒಪ್ಪಂದಕ್ಕೆ ಬಿಟ್ಟಿದೆ. ಟೆನ್ ಬೈ ಟೆನ್ನಿನಲ್ಲಿ ಇರುವವರು ಒಪ್ಪಂದದ ಮೇಜಿನ ಮುಂದೆ ಹೇಗೆ ಕೂರುತ್ತಾರೆ ಎಂಬುದನ್ನು ನಾನು ದಿನಾ ನೋಡುತ್ತೇನೆ. ಅವರು ಮಾತಾಡುವುದೇ ಇಲ್ಲ, "ಎಲ್ಲಿ ಸೈನ್ ಮಾಡ್ಬೇಕಣ್ಣ?" ಎಂದಷ್ಟೇ ಕೇಳುತ್ತಾರೆ.

ಆದ್ದರಿಂದ ಮೊದಲ ಕೆಲಸ ಆ ಗೆರೆ ತಿದ್ದುವುದು. ಇಂದಿನ ಬಾಡಿಗೆಗೆ ಹೊಂದುವಂತೆ 3,500ರ ಮಿತಿಯನ್ನು ಏರಿಸಿ, ಮತ್ತೆ ಇಪ್ಪತ್ತೈದು ವರ್ಷ ಹಾಗೇ ಬಿಡದೆ ಬೆಲೆಯೇರಿಕೆಯ ಜೊತೆ ತಾನಾಗಿ ಏರುವಂತೆ ಮಾಡಿ. ಮಿತಿ ಎಷ್ಟೇ ಇರಲಿ, ರಸೀದಿ, ನೀರು, ಕರೆಂಟು ಮತ್ತು ಬೀಗ, ಈ ನಾಲ್ಕು ವಿಷಯದಲ್ಲಿ ಯಾವ ಗೆರೆಯೂ ಬೇಡ. ಐದು ಸಾವಿರದ ಮನೆಯಾಗಲಿ ಐವತ್ತು ಸಾವಿರದ ಮನೆಯಾಗಲಿ ಒಂದೇ ಕಾನೂನು ಇರಲಿ.

ಎರಡನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಹೋಗಲು ಒಂದು ಬಾಗಿಲು. ಬೀಗ ಬಿದ್ದ ದಿನವೇ, ಫ್ಯೂಸ್ ಕಿತ್ತ ದಿನವೇ ದೂರು ತೆಗೆದುಕೊಂಡು, 24 ಗಂಟೆಯೊಳಗೆ ಬಾಗಿಲು ತೆರೆಸುವ, ಕರೆಂಟು ಹಾಕಿಸುವ ಅಧಿಕಾರ ಇರುವ ಒಬ್ಬ ಅಧಿಕಾರಿ ಪ್ರತಿ ತಾಲ್ಲೂಕಿನಲ್ಲಿ, ಬೆಂಗಳೂರಿನಲ್ಲಾದರೆ ವಾರ್ಡುಗಳಿಗೆ ಹತ್ತಿರದಲ್ಲಿ ಬೇಕು. ಬಾಕಿ ಎಷ್ಟು, ಯಾರದ್ದು ಸರಿ ಎಂಬ ವಿಚಾರಣೆ ಆಮೇಲೆ ನಡೆಯಲಿ, ಅದಕ್ಕೆ ಸಮಯ ಹಿಡಿದರೂ ತೊಂದರೆಯಿಲ್ಲ. "ಸಿವಿಲ್ ಮ್ಯಾಟರ್" ಎಂದು ವಾಪಸ್ ಕಳಿಸುವ ಬದಲು ಆ ಅಧಿಕಾರಿಯ ಬಳಿ ಕರೆದೊಯ್ಯುವಂತೆ ಪೊಲೀಸ್ ಠಾಣೆಗಳಿಗೆ ಒಂದು ಸುತ್ತೋಲೆ ಹೋಗಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಹೆಂಗಸರಿಗೂ, ಪರಿಶಿಷ್ಟ ಜಾತಿ, ಪಂಗಡದವರಿಗೂ, ಅಂಗವಿಕಲರಿಗೂ, ಕಾರ್ಖಾನೆ ಕಾರ್ಮಿಕರಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗಬೇಕು. ಅಕ್ಕನಿಗೆ ಎರಡು ಮೂರು ಕಾರಣಕ್ಕೆ ಆ ಹಕ್ಕಿತ್ತು. 15100 ಎಂಬ ಉಚಿತ ಕಾನೂನು ನೆರವಿನ ಸಹಾಯವಾಣಿಯ ನಂಬರು ಆ ಫೆಬ್ರವರಿಯಲ್ಲಿ ನನಗೂ ಗೊತ್ತಿರಲಿಲ್ಲ. ಈಗ ಅಂಗಡಿಯ ಗಾಜಿನ ಮೇಲೆ ದೊಡ್ಡದಾಗಿ ಬರೆಸಿದ್ದೇನೆ.

ಮೂರನೆಯದು ಖರ್ಚೇ ಇಲ್ಲದ ಕೆಲಸ. ಬಾಡಿಗೆ ಕರಾರಿನ ಒಂದು ಮಾದರಿಯನ್ನು ಸರ್ಕಾರವೇ ಕನ್ನಡದಲ್ಲಿ, ದಿನಬಳಕೆಯ ಮಾತಿನಲ್ಲಿ ಬರೆಸಿ ಕೊಡಲಿ. ಎರಡು ಪುಟ ಸಾಕು. ಎಡಕ್ಕೆ ಬಾಡಿಗೆದಾರ ಮಾಡಬೇಕಾದ್ದು, ಬಲಕ್ಕೆ ಮಾಲೀಕರು ಮಾಡಬೇಕಾದ್ದು. ಇ-ಸ್ಟಾಂಪ್ ಪೇಪರಿನ ಜೊತೆಗೇ ಅದು ಸಿಗಲಿ. 1963ರಿಂದ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಕನ್ನಡ ಮಾತ್ರ ಬಲ್ಲವರು ತಮ್ಮ ತಲೆಯ ಮೇಲಿನ ಸೂರಿನ ಕರಾರನ್ನು ಓದಲಾಗದೆ ಸಹಿ ಮಾಡುವುದು ನಮ್ಮ ರಾಜ್ಯೋತ್ಸವಗಳಿಗೆ ಶೋಭೆಯಲ್ಲ. ನನ್ನಂಥ ಟೈಪಿಂಗ್ ಅಂಗಡಿಯವರು ಊರೂರಲ್ಲಿದ್ದೇವೆ. ನೀವು ಕೊಟ್ಟರೆ ನಾಳೆಯಿಂದಲೇ ಅದನ್ನೇ ಬಳಸುತ್ತೇವೆ.

ನೀವು ಕೊಡುವವರೆಗೆ ನಾನು ನನ್ನದೇ ಒಂದನ್ನು ಮಾಡಿಕೊಂಡಿದ್ದೇನೆ. ಹಳೆಯ ಮೂರು ಪುಟದ ಕೊನೆಗೆ ಕನ್ನಡದಲ್ಲಿ ನಾಲ್ಕು ಸಾಲು ಸೇರಿಸಿ ಇಬ್ಬರಿಗೂ ಗಟ್ಟಿಯಾಗಿ ಓದಿ ಹೇಳುತ್ತೇನೆ: ಪ್ರತಿ ತಿಂಗಳ ಬಾಡಿಗೆಗೆ ರಸೀದಿ ಕೊಡತಕ್ಕದ್ದು, ನೀರು ಕರೆಂಟು ನಿಲ್ಲಿಸಕೂಡದು, ಕೋರ್ಟಿನ ಆದೇಶವಿಲ್ಲದೆ ಬೀಗ ಹಾಕಕೂಡದು, ಖಾಲಿ ಮಾಡಿದ ದಿನವೇ ಅಡ್ವಾನ್ಸ್ ಹಿಂದಿರುಗಿಸತಕ್ಕದ್ದು. ಕೆಲವು ಮಾಲೀಕರು ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೆಚ್ಚಿನವರು ಒಂದು ಕ್ಷಣ ಸುಮ್ಮನಿದ್ದು, "ಆಯ್ತು ಹಾಕಪ್ಪ" ಎನ್ನುತ್ತಾರೆ. ಇದು ನನಗೇ ಆಶ್ಚರ್ಯವಾದ ಸಂಗತಿ.

ಅಕ್ಕ ಈಗ ನೆಲಗದರನಹಳ್ಳಿ ಕಡೆ ಇದ್ದಾಳೆ, ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಮೊದಲು ಏಳಬೇಕು. ಗಂಡ ಕೋಲು ಹಿಡಿದು ನಡೆಯುತ್ತಾರೆ. ಹೊಸ ಮನೆಗೆ ಹೋದ ಮೊದಲ ತಿಂಗಳೇ ಸ್ಟೇಷನರಿ ಅಂಗಡಿಯಲ್ಲಿ ತಾನೇ ಒಂದು ರಸೀದಿ ಪುಸ್ತಕ ಕೊಂಡು, ಬಾಡಿಗೆ ಹಣದ ಜೊತೆ ಅದನ್ನೂ ಮಾಲೀಕರ ಮುಂದೆ ಇಟ್ಟಳಂತೆ. ಅವರು ಸಹಿ ಹಾಕಿಕೊಟ್ಟರು. ಈಗ ಪ್ರತಿ ತಿಂಗಳು ಐದನೇ ತಾರೀಖಿಗೆ ಬಂದು ಆ ಚೀಟಿಯ ಜೆರಾಕ್ಸ್ ಮಾಡಿಸಿಕೊಂಡು, ಒಂದು ಪ್ರತಿಯನ್ನು ನನ್ನ ಡ್ರಾಯರಿನಲ್ಲಿ ಇಡಲು ಹೇಳಿ ಹೋಗುತ್ತಾಳೆ, ಮನೆಗೆ ಬೀಗ ಬಿದ್ದರೂ ಹೊರಗೊಂದು ಇರಲಿ ಎಂದು.

ಇಂತಿ ನಮಸ್ಕಾರಗಳೊಂದಿಗೆ,
ಲಗ್ಗೆರೆಯ ಒಬ್ಬ ಬಾಡಿಗೆದಾರ